ಸ್ಟೇರಿಂಗ್ ಇಲ್ಲದ ರೇಸು

1777ರಲ್ಲಿ ಹೈದರಾಲಿಯ ದಂಡು ನಮ್ಮ ಚಿತ್ರದುರ್ಗದ ಕೋಟೆಗೆ ಮುತ್ತಿಗೆ ಹಾಕಿತ್ತು. ಅದೇ ವರ್ಷ ಅತ್ತ ಪ್ಯಾರಿಸ್ಸಿನಲ್ಲಿ ಫ್ರಾನ್ಸ್ ದೊರೆಯ ತಮ್ಮ ತನ್ನ ಅತ್ತಿಗೆ ಮಾರಿ ಆಂಟೊನೆಟ್ ಜೊತೆ ಬಾಜಿ ಕಟ್ಟಿ, 64 ದಿನಗಳಲ್ಲಿ ಒಂದು ಪುಟ್ಟ ಅರಮನೆ ಎಬ್ಬಿಸಿ ನಿಲ್ಲಿಸಿದ. ಅರಮನೆಯ ಹೆಸರು ಬಾಗಟೆಲ್. ಅಲ್ಲಿ ಸೇರಿದ ದೊಡ್ಡ ಮನುಷ್ಯರು ಮೇಜಿನ ಮೇಲೆ ಮೊಳೆ ನೆಟ್ಟು, ಗುಂಡು ಉರುಳಿಸಿ ಆಡಿದರಂತೆ. ಆಟಕ್ಕೂ ಅರಮನೆಯ ಹೆಸರೇ ಅಂಟಿಕೊಂಡಿತಂತೆ. ಅವರಿಗೆ ಆಟದ ಗುಂಡು, ನಮ್ಮವರಿಗೆ ಫಿರಂಗಿ ಗುಂಡು. ಈ ಅನ್ಯಾಯವನ್ನು ತಡವಾಗಿಯಾದರೂ ಸರಿಪಡಿಸಬೇಕೆಂಬ ಹುಕಿ ಕಳೆದ ಬೇಸಿಗೆಯಲ್ಲಿ ನನ್ನ ತಲೆ ಹೊಕ್ಕಿತು.

ಊಟಕ್ಕೆ ಕೂತಾಗ ಈ ಇತಿಹಾಸವನ್ನು ಮನೆಮಂದಿಗೆ ವಿವರಿಸಿದೆ. ನನ್ನ ಹೆಂಡತಿ ಇತಿಹಾಸದಲ್ಲಿ ತನಗೆ ಬೇಕಾದ್ದನ್ನು ಮಾತ್ರ ಹೆಕ್ಕಿಕೊಂಡಳು.

"ಆ ಪುಣ್ಯಾತ್ಮ ಅರವತ್ನಾಲ್ಕು ದಿನಕ್ಕೆ ಅರಮನೆ ಕಟ್ಟಿದ. ನೀವು ಬಚ್ಚಲುಮನೆ ನಲ್ಲಿಗೆ ವಾಷರ್ ಹಾಕಿಸ್ತೀನಿ ಅಂದಿದ್ದು ದೀಪಾವಳೀಲಿ. ಯುಗಾದಿನೂ ಆಯ್ತು."

"ಅವನ ಹತ್ರ ನೂರಾರು ಜನ ಕೂಲಿಯೋರಿದ್ರು," ಎಂದೆ.

"ನಿಮ್ಮ ಹತ್ರ ಒಂದು ಸ್ಪ್ಯಾನರ್ ಇದೆ," ಎಂದು ಅನ್ನ ಬಡಿಸಿದಳು.

ರಜೆಗೆ ಮನೆ ತುಂಬಿತ್ತು. ಹಿರಿಯೂರಿಂದ ಷಡ್ಡಕನ ಮಗ, ಮಗಳು. ಹೊಸದುರ್ಗದಿಂದ ನನ್ನ ತಂಗಿಯ ಮಗ. ಇವರನ್ನೆಲ್ಲ ಹದ್ದುಬಸ್ತಿನಲ್ಲಿಡಲು ಹೊಳಲ್ಕೆರೆಯಿಂದ ನಮ್ಮ ಅತ್ತೆ. ಮೂರು ತಾಲ್ಲೂಕಿನ ಪ್ರತಿನಿಧಿಗಳು ಜಿಲ್ಲಾ ಕೇಂದ್ರದಲ್ಲಿ ಸೇರಿ ಮಾಡುತ್ತಿದ್ದ ಕೆಲಸ ಒಂದೇ: ಮೂಲೆಗೊಬ್ಬರಂತೆ ಕೂತು ಮೊಬೈಲಿನಲ್ಲಿ ರೇಸ್ ಕಾರು ಓಡಿಸುವುದು. ಅವರ ಕಾರು ಗೋಡೆಗೆ ಗುದ್ದಿದರೂ ಧೂಳು ಕೊಡವಿಕೊಂಡು ಓಡುತ್ತದೆ. ಪೆಟ್ರೋಲು ಕೇಳುವುದಿಲ್ಲ, ಇನ್ಶೂರೆನ್ಸು ಕೇಳುವುದಿಲ್ಲ. ಒಂದು ಮಧ್ಯಾಹ್ನ ಕರೆಂಟು ಹೋಯಿತು. ನಮ್ಮೂರ ಸುತ್ತಲಿನ ಗುಡ್ಡಗಳ ಮೇಲೆ ಕಣ್ಣು ಹಾಯಿಸಿದಲ್ಲೆಲ್ಲ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ಅವು ಯಾರಿಗಾಗಿ ತಿರುಗುತ್ತವೆಂದು ನಮ್ಮ ಬೀದಿಯವರಿಗೆ ಇನ್ನೂ ಗೊತ್ತಾಗಿಲ್ಲ. ಮೊಬೈಲುಗಳು ಒಂದೊಂದಾಗಿ ಕಣ್ಣು ಮುಚ್ಚಿದವು. ಇದೇ ಸಮಯವೆಂದು ನಾನು ಎದ್ದು ನಿಂತೆ.

"ಕರೆಂಟು ಬೇಡ, ಚಾರ್ಜು ಬೇಡ, ಅಂಥ ಕಾರ್ ರೇಸ್ ನಾನು ಮಾಡಿಕೊಡ್ತೀನಿ."

ಈ ಧೈರ್ಯದ ಹಿಂದೆ ಒಂದು ಹಳೆಯ ಋಣವಿತ್ತು. ಚಿಕ್ಕಂದಿನಲ್ಲಿ ನಾಯಕನಹಟ್ಟಿ ಜಾತ್ರೆಯಲ್ಲಿ ಅಪ್ಪ ಒಂದು ಆಟದ ಸಾಮಾನು ಕೊಡಿಸಿದ್ದರು. ಅಂಗೈ ಅಗಲದ ಡಬ್ಬಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ಕು, ಒಳಗೆ ಕೆಂಪು ರೇಸ್ ಕಾರಿನ ಚಿತ್ರ, ಅದರ ತುಂಬ ಮುಳ್ಳು ಮುಳ್ಳು. ಬಲಗಡೆಯ ಸ್ಪ್ರಿಂಗ್ ಎಳೆದು ಬಿಟ್ಟರೆ ಪುಟಾಣಿ ಉಕ್ಕಿನ ಗುಂಡು ಮೇಲೇರಿ, ಮುಳ್ಳುಗಳಿಗೆ ಡಿಕ್ಕಿ ಹೊಡೆಯುತ್ತ ಯಾವುದಾದರೂ ಗುಂಡಿಗೆ ಬೀಳುತ್ತಿತ್ತು. ಚಿತ್ರದ ಕಾರು ಮಾತ್ರ ಇದ್ದಲ್ಲೇ ಇರುತ್ತಿತ್ತು. ಆದರೂ ನಾನು ಬಾಯಲ್ಲಿ "ಡುರ್ರ್" ಎನ್ನುತ್ತಾ ಮೈಯನ್ನು ಎಡಕ್ಕೂ ಬಲಕ್ಕೂ ವಾಲಿಸಿ ಆಡಿದ್ದೇ ಆಡಿದ್ದು.

ಅದರ ವಂಶಾವಳಿಯನ್ನು ಮಕ್ಕಳಿಗೆ ಹೇಳದೆ ಬಿಡುವುದುಂಟೇ? ಮೊದಮೊದಲು ಬಾಗಟೆಲ್ ಆಟದಲ್ಲಿ ಗುಂಡನ್ನು ಕೋಲಿನಿಂದ ತಳ್ಳುತ್ತಿದ್ದರು. 1871ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿದ್ದ ಮಾಂಟೆಗ್ಯೂ ರೆಡ್‌ಗ್ರೇವ್ ಎಂಬಾತ ಕೋಲಿನ ಬದಲು ಸ್ಪ್ರಿಂಗ್ ಜೋಡಿಸಿ ಪೇಟೆಂಟ್ ತೆಗೆದುಕೊಂಡ. ಆಮೇಲೆ 1931ರಲ್ಲಿ, ಅಮೆರಿಕದವರು ಕೆಲಸವೂ ಇಲ್ಲದೆ ಕಾಸೂ ಇಲ್ಲದೆ ಕೂತಿದ್ದ ಕಾಲದಲ್ಲಿ, ಷಿಕಾಗೋದ ಡೇವಿಡ್ ಗಾಟ್ಲೀಬ್ 'ಬ್ಯಾಫಲ್ ಬಾಲ್' ಎಂಬ ಪೆಟ್ಟಿಗೆ ಮಾಡಿ ಹದಿನೇಳೂವರೆ ಡಾಲರಿನಂತೆ ಮಾರಿದ. 50,000ಕ್ಕೂ ಹೆಚ್ಚು ಪೆಟ್ಟಿಗೆ ಹೋದವು. ಅದರಲ್ಲಿ ದೀಪವಿಲ್ಲ, ಕರೆಂಟಿಲ್ಲ. ಮೊಳೆ, ಸ್ಪ್ರಿಂಗು, ಇಳಿಜಾರು, ಅಷ್ಟೆ. ಅಂಗಡಿಯ ಕೌಂಟರಿನ ಮೇಲಿಟ್ಟ ಪೆಟ್ಟಿಗೆಗೆ ಜನ ಕಾಸು ಹಾಕಿ ಗುಂಡು ಬಿಟ್ಟು ನಿಂತರು. ಇದೇ ಪಿನ್‌ಬಾಲ್. ಈ ಪಿನ್‌ಬಾಲಿಗೆ ಕಾರಿನ ಹುಚ್ಚೂ ಹಿಡಿಯಿತು. ಅದೇ ಗಾಟ್ಲೀಬ್ ಕಂಪನಿ 1956ರಲ್ಲಿ 'ಆಟೊ ರೇಸ್' ತಂದಿತು. 1976ರಲ್ಲಿ ವಿಲಿಯಮ್ಸ್ ಕಂಪನಿಯ 'ಗ್ರಾಂಡ್ ಪ್ರಿ' ಬಂತು. 1986ರ 'ಹೈ ಸ್ಪೀಡ್'ನಲ್ಲಂತೂ ಹಿಂದೆ ಪೊಲೀಸರು ಸೈರನ್ ಹಾಕಿಕೊಂಡು ಅಟ್ಟಿಸಿಕೊಂಡೇ ಬರುತ್ತಾರೆ.

"ಮಾಮ, ಸ್ಟೇರಿಂಗ್ ಎಲ್ಲಿರುತ್ತೆ?" ಎಂದ ಹೊಸದುರ್ಗದವನು.

"ಇರಲ್ಲ."

"ಬ್ರೇಕು?"

"ಅದೂ ಇರಲ್ಲ. ಗುಂಡನ್ನು ಮತ್ತೆ ಮೇಲಕ್ಕೆ ಒದೆಯೋ ರೆಕ್ಕೆ ಬಂದಿದ್ದೇ 1947ರಲ್ಲಿ, 'ಹಂಪ್ಟಿ ಡಂಪ್ಟಿ' ಅನ್ನೋ ಮೆಷಿನ್ನಿಗೆ. ಅಲ್ಲಿಯವರೆಗೆ ಸ್ಪ್ರಿಂಗ್ ಎಳೆದು ಬಿಡೋದು, ಆಮೇಲೆ ನೋಡ್ತಾ ನಿಲ್ಲೋದು."

"ಮತ್ತೆ ನಾವೇನ್ ಮಾಡೋದು?"

"ಕೂಗೋದು."

ಅಡುಗೆಮನೆಯಿಂದ ಹೆಂಡತಿಯ ದನಿ ಬಂತು: "ನಿಮ್ಮ ಮಾಮಂಗೆ ಅದು ಚೆನ್ನಾಗಿ ಬರುತ್ತೆ ಕಣೋ. ಅಭ್ಯಾಸ ಐತೆ."

ಇಲ್ಲಿ ನಮ್ಮ ಮನೆಯ ಸಾರಿಗೆ ಇಲಾಖೆಯ ಬಗ್ಗೆ ಎರಡು ಮಾತು ಹೇಳಬೇಕು. ಲೈಸೆನ್ಸು ಅವಳಿಗೂ ಇದೆ, ನನಗೂ ಇದೆ. ನನ್ನದು ಗುರುತಿನ ಚೀಟಿಯಾಗಿ ಬಳಕೆಯಲ್ಲಿದೆ. ಹಿರಿಯೂರಿಗೆ ಹೊರಟರೆ 48ನೇ ಹೆದ್ದಾರಿಯುದ್ದಕ್ಕೂ ಸ್ಟೇರಿಂಗ್ ಅವಳದು. ಎಡಗಡೆ ಸೀಟು, ಟೋಲಿನ ಚಿಂತೆ, ನೀರಿನ ಬಾಟ್ಲಿಯ ಮುಚ್ಚಳ, ಇವು ಮೂರು ನನ್ನ ಖಾತೆ. ಮುಂದೆ ಕಬ್ಬಿಣ ಹೇರಿದ ಲಾರಿ ಕಂಡಿತೆಂದರೆ ನನ್ನ ಬಲಗಾಲು ತಾನಾಗಿಯೇ ನೆಲವನ್ನು ಒತ್ತುತ್ತದೆ. ಐಮಂಗಲ ಬರುವಷ್ಟರಲ್ಲಿ ಮಂಡಿ ಹಿಡಿದುಕೊಂಡಿರುತ್ತದೆ. ಒಮ್ಮೆ ಕಾರನ್ನು ಸರ್ವೀಸಿಗೆ ಬಿಟ್ಟಾಗ ಮೆಕ್ಯಾನಿಕ್ ಹುಡುಗ ಎಡಗಡೆಯ ಕಾಲುಮ್ಯಾಟನ್ನು ಎತ್ತಿ ಹಿಡಿದ. ಹಿಮ್ಮಡಿಯ ಜಾಗದಲ್ಲಿ ತೂತು ಬಿದ್ದಿತ್ತು. ಅದರೊಳಗಿಂದ ಒಂದು ಕಣ್ಣಲ್ಲಿ ನನ್ನನ್ನು ನೋಡುತ್ತ, "ಸಾರ್, ಇದು ಡ್ರೈವಿಂಗ್ ಸ್ಕೂಲ್ ಗಾಡಿನಾ?" ಎಂದು ಕೇಳಿದ.

ದುರ್ಗದವನಾದ ನನಗೆ ಇದರಲ್ಲಿ ಅವಮಾನವೇನೂ ಕಾಣುವುದಿಲ್ಲ. ಕಾವಲಿನ ಗಂಡ ಊಟಕ್ಕೆ ಕೂತಿದ್ದಾಗ ಹೆಂಡತಿ ಒನಕೆ ಹಿಡಿದು ಕೋಟೆ ಕಾದ ಊರು ನಮ್ಮದು. ಎಲ್ಲರೂ ಓಬವ್ವನ ಪರಂಪರೆ ಎನ್ನುತ್ತಾರೆ. ಆ ಗಂಡನ ಪರಂಪರೆಯನ್ನೂ ಯಾರಾದರೂ ಮುಂದುವರಿಸಬೇಕಲ್ಲ? ಊಟದ ಹೊತ್ತು ತಪ್ಪಿಸದೆ ನಾನು ಅದನ್ನು ನಡೆಸಿಕೊಂಡು ಬಂದಿದ್ದೇನೆ. ಆದ್ದರಿಂದ ಓಡಿಸುವ ಹೊಣೆಯೇ ಇಲ್ಲದ, ಎಳೆದು ಬಿಟ್ಟು ವಾಲುತ್ತಾ ಕೂಗುವುದಷ್ಟೇ ಇರುವ ಕಾರ್ ರೇಸು ಯಾರಿಗಾದರೂ ಹೇಳಿ ಮಾಡಿಸಿದ್ದಿದ್ದರೆ ಅದು ನನಗೇ.

ಹಲಗೆ ಬೇಕಿತ್ತು. ಅಟ್ಟದ ಮೇಲೆ ಒಂದು ಕೇರಂ ಬೋರ್ಡು ಇತ್ತು. ಮದುವೆಯ ಹೊಸದರಲ್ಲಿ ಹೊಳಲ್ಕೆರೆಯ ತವರಿಂದ ಬಂದದ್ದು. ಅದರ ಮೇಲೆ ನನ್ನನ್ನು ಸೋಲಿಸಿ ಸೋಲಿಸಿ ಬೇಸತ್ತು ನನ್ನ ಹೆಂಡತಿಯೇ ಮೇಲಿಟ್ಟಿದ್ದಳು. ನಾನು ಮುಟ್ಟಿದ್ದು ಹಿಂಬದಿಯನ್ನು ಮಾತ್ರ. ಮುಂಭಾಗ ಅವಳದು, ಹಿಂಭಾಗ ನನ್ನದು ಎಂದು ಧರ್ಮವಾಗಿ ಪಾಲು ಮಾಡಿಕೊಂಡು, ಅಡ್ಡಪಟ್ಟಿ ಕಿತ್ತು, ಮೊಳೆ ಹೊಡೆಯಲು ಶುರುಮಾಡಿದೆ. ಈ ಪಾಲುಪತ್ರದ ವಿಷಯ ಮೊಳೆಗಳಿಗೆ ಯಾರೂ ಹೇಳಿರಲಿಲ್ಲ.

ರೇಸಿನ ದಾರಿಯನ್ನು ಬಹಳ ಯೋಚಿಸಿ ಬರೆದೆ. ಕೋಟೆಯ ರಂಗಯ್ಯನ ಬಾಗಿಲಿಂದ ಹೊರಟ ಗುಂಡು ನೆತ್ತಿಯಲ್ಲಿ ತಿರುವು ತೆಗೆದುಕೊಂಡು, ಏಳು ಸುತ್ತಿನ ಕೋಟೆಯ ಗೌರವಾರ್ಥ ಏಳು ಸಾಲು ಮೊಳೆ ದಾಟಿ ಇಳಿಯಬೇಕು. ತಿರುವಿಗೆ ಹಿರಿಯೂರ ಹುಡುಗಿಯ ಬಾಗುವ ಪ್ಲಾಸ್ಟಿಕ್ ಸ್ಕೇಲು. ಕೆಳಗೆ ಊರುಗಳು. ದುರ್ಗದಿಂದ ಎಷ್ಟು ಕಿಲೋಮೀಟರೋ ಹೆಚ್ಚುಕಡಿಮೆ ಅಷ್ಟು ಅಂಕ: ಹೊಳಲ್ಕೆರೆಗೆ 30, ಹಿರಿಯೂರಿಗೆ 40, ಹೊಸದುರ್ಗಕ್ಕೆ 60. ಇಷ್ಟು ಬರೆದದ್ದೇ ತಡ, ಮನೆಯಲ್ಲಿ ಗಡಿ ವಿವಾದ ಎದ್ದಿತು.

"ನಮ್ಮೂರಿಗೆ ಮೂವತ್ತೇನಾ?" ಎಂದರು ಅತ್ತೆ. "ಬಯಲು ಗಣಪ್ಪ ಇರೋ ಊರು ಅಳಿಯಂದ್ರೆ, ಮೊದಲ ಪೂಜೆ ಅವಂಗೇ."

"ನಮ್ಮಲ್ಲಿ ತೇರುಮಲ್ಲೇಶ್ವರ ಇದ್ದಾನೆ," ಎಂದಳು ಹಿರಿಯೂರಿನವಳು.

ಹೊಸದುರ್ಗದವನು ಮಾತಾಡಲಿಲ್ಲ. ದೂರವಿರುವುದರ ಲಾಭ ಅವನಿಗೆ ಆಗಲೇ ಅರ್ಥವಾಗಿತ್ತು.

ನಡುವೆ ಒಂದು ಟೋಲ್‌ಗೇಟ್ ಇಟ್ಟೆ. ಅಲ್ಲಿ ಬಿದ್ದರೆ ಇದ್ದ ಅಂಕದಲ್ಲೂ ಕಡಿತ. ಎಡಮೂಲೆಯಲ್ಲಿ ಓಬವ್ವನ ಕಿಂಡಿ. ಅದರೊಳಗೆ ತಲೆ ತೂರಿಸಿದ ಗುಂಡು ಹೈದರಾಲಿಯ ಕಡೆಯದೆಂದು ಲೆಕ್ಕ, ಆಟಗಾರ ಅಲ್ಲಿಗೇ ಔಟು. ಎಲ್ಲಕ್ಕಿಂತ ಕಷ್ಟದ ಜಾಗದಲ್ಲಿ, ಸುತ್ತ ಮೊಳೆಯ ಬೇಲಿ ಹಾಕಿ, ಗುಂಡು ಹಿಡಿಸಿಯೂ ಹಿಡಿಸದಂಥ ಒಂದು ಕುಳಿ ಕೊರೆದೆ. ಅದು ಮಾರಿಕಣಿವೆ ಅಣೆಕಟ್ಟೆಯ ಕೋಡಿ. ಹಿರಿಯೂರು ತಾಲ್ಲೂಕಿನವರಿಗೆ ಬಿಡಿಸಿ ಹೇಳಬೇಕಿಲ್ಲ. 1898ರಲ್ಲಿ ಶುರುವಾಗಿ 1907ಕ್ಕೆ ಮುಗಿದ ಆ ವಾಣಿವಿಲಾಸ ಸಾಗರಕ್ಕೆ 130 ಅಡಿ ನೀರು ಬಂದರೆ ಕೋಡಿ. 1933ರಲ್ಲಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ ಮೂರು ತಲೆಮಾರು ಕಾದಿತ್ತು. ಆದ್ದರಿಂದ ಕೋಡಿಗೆ 1933 ಅಂಕ ಎಂದು ಸಾರಿದೆ. ಹೇಗೂ ಬೀಳುವುದಿಲ್ಲವಲ್ಲ, ಕೊಡುವುದರಲ್ಲಿ ಜಿಪುಣತನವೇಕೆ?

ಇನ್ನು ಸ್ಪ್ರಿಂಗು. ಮೊದಲು ಬಾಲ್‌ಪೆನ್ನಿನದನ್ನು ಹಾಕಿ ನೋಡಿದೆ. ಗುಂಡು ರಂಗಯ್ಯನ ಬಾಗಿಲನ್ನೂ ದಾಟದೆ ವಾಪಸು ನನ್ನ ಮಡಿಲಿಗೆ ಬಿತ್ತು. ಹಿರಿಯೂರಿಗೆ ಹೋಗಿ, ಹೆದ್ದಾರಿ ಪಕ್ಕದಲ್ಲಿ ಲಾರಿ ಗ್ಯಾರೇಜು ಇಟ್ಟಿರುವ ಷಡ್ಡಕನ ಮುಂದೆ ನಿಂತೆ. ಅವರು ಒಂದು ಡಬ್ಬಿ ಸುರಿದು, ಹಳೆ ಬೇರಿಂಗಿನಿಂದ ಬಿಚ್ಚಿದ ಉಕ್ಕಿನ ಗುಂಡುಗಳನ್ನು ಎಣಿಸಿ ಕೊಟ್ಟರು. ಮೂಲೆಯಲ್ಲಿ ಬಿದ್ದಿದ್ದ ದಪ್ಪ ಸ್ಪ್ರಿಂಗಿನ ಮೇಲೆ ನನ್ನ ಕಣ್ಣು ಬಿತ್ತು.

"ತಮ್ಮಾ, ಅದು ಲಾರಿ ಎಂಜಿನ್ನಿನ ವಾಲ್ವ್ ಸ್ಪ್ರಿಂಗು. ಗೋಲಿ ಹೊಡ್ಯಾಕಲ್ಲ."

"ರೇಸ್ ಅಂದ್ಮೇಲೆ ಎಂಜಿನ್ ಜೋರಾಗಿರ್ಬೇಕಣ್ಣ."

ಅವರು ನನ್ನ ಹೆಂಡತಿಯತ್ತ ನೋಡಿದರು. ಅವಳು ಕಾರಿನಲ್ಲೇ ಕೂತು, "ಕೊಟ್ಟುಬಿಡಿ ಭಾವ, ಇಲ್ಲಾಂದ್ರೆ ನಮ್ಮ ಕಾರಿಂದೇ ಬಿಚ್ಚುತ್ತಾರೆ," ಎಂದಳು.

ಸ್ಪ್ರಿಂಗ್ ಎಳೆಯುವ ಹಿಡಿಗೆ ಮಜ್ಜಿಗೆಯ ಕಡಗೋಲನ್ನು ಅರ್ಧಕ್ಕೆ ಕುಯ್ದೆ. ಮಿಕ್ಸಿ ಇರುವ ಮನೆಯಲ್ಲಿ ಕಡಗೋಲಿಗೆ ಬೇರೆ ಭವಿಷ್ಯವೂ ಇರಲಿಲ್ಲ. ಹಲಗೆಯ ಹಿಂದಿನ ಅಂಚಿಗೆ ಊಟದ ಮಣೆಯ ಒತ್ತು ಕೊಟ್ಟೆ, ಇಳಿಜಾರು ಬಂತು. ಆಟ ಶುರುವಾಯಿತು.

ಮಕ್ಕಳು ಹಲಗೆಯನ್ನು ಬಿಟ್ಟೇಳಲಿಲ್ಲವೆಂದು ಹೆಮ್ಮೆಯಿಂದ ಹೇಳುತ್ತೇನೆ. ನೋಡಬೇಕಾದ್ದು ಗುಂಡನ್ನಲ್ಲ, ಆಡುವವರನ್ನು. ಗುಂಡು ಟೋಲಿನತ್ತ ಹೊರಳಿದರೆ ಎಲ್ಲರ ಭುಜವೂ ಬಲಕ್ಕೆ. ಕಿಂಡಿಯತ್ತ ಹೊರಳಿದರೆ ಎಲ್ಲರ ಉಸಿರೂ ಒಳಕ್ಕೆ. ಹೊಸದುರ್ಗದವನಂತೂ ಹಿಂದೆ ನಿಂತು ಗುಂಡನ್ನು ಊದುತ್ತಿದ್ದ. ಊದಿದರೆ ಸಾಲದೆಂದು ಹಲಗೆಯನ್ನು ಕೆಳಗಿಂದ ಗುದ್ದತೊಡಗಿದ. ಆ ದಿನ ಅವನ ಕೂಗು ಬೀದಿ ಕೊನೆಯವರೆಗೂ ಕೇಳಿಸಿತು.

ನನ್ನ ಹೆಂಡತಿ ಬಂದು ಅವನ ಬೆರಳು ನೋಡಿದಳು, ಹಲಗೆಯನ್ನು ಮಗುಚಿದಳು. ಕೇರಂ ಬೋರ್ಡಿನ ಮುಂಭಾಗದಲ್ಲಿ, ರಾಣಿ ಇಡುವ ನಟ್ಟನಡುವಿನ ವೃತ್ತದಲ್ಲೇ, ಮೊಳೆಗಳು ಮೂತಿ ಹೊರಹಾಕಿದ್ದವು. ಅದರ ಕೆಳಗಿದ್ದ ಊಟದ ಮೇಜಿನ ಮೇಲೆ ಏಳು ಸುತ್ತಿನ ಕೋಟೆಯ ಪೂರ್ತಿ ನಕ್ಷೆ ಗೀಚಿತ್ತು.

"ಇದು ಹೊಸದೇನಲ್ಲ," ಎಂದೆ. "ಅಮೆರಿಕದ ಹ್ಯಾರಿ ವಿಲಿಯಮ್ಸ್ ಕೂಡ, ಜನ ಮೇಜಿನ ಅಡಿಗೆ ಗುದ್ದಿ ಮೋಸ ಮಾಡ್ತಾರೆ ಅಂತ ಅಡಿಯಲ್ಲಿ ಮೊಳೆ ಹೊಡೆದಿದ್ದನಂತೆ. ಆಮೇಲೆ ಅದು ತೀರಾ ಕ್ರೂರ ಅನ್ನಿಸಿ 'ಟಿಲ್ಟ್' ಕಂಡುಹಿಡಿದ."

"ಅವನಿಗಾದ್ರೂ ಆಮೇಲೆ ಅನ್ನಿಸಿತಲ್ಲ," ಎಂದಳು.

ಟಿಲ್ಟ್ ಎಂದರೆ ಸರಳ ಸಂಗತಿ. ಮೆಷಿನ್ನಿನ ಒಳಗೆ ಒಂದು ಲೋಲಕ, ಅದರ ಸುತ್ತ ಒಂದು ಲೋಹದ ಬಳೆ. ಆಟಗಾರ ಮೇಜನ್ನು ಮಿತಿಮೀರಿ ಅಲುಗಿಸಿದರೆ ಲೋಲಕ ಹೋಗಿ ಬಳೆಗೆ ತಗಲುತ್ತದೆ, ಆಟ ಅಲ್ಲಿಗೇ ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಇದನ್ನು ಪ್ರತ್ಯೇಕವಾಗಿ ಅಳವಡಿಸುವ ಅಗತ್ಯ ಬೀಳಲಿಲ್ಲ. ಬಳೆಯ ಸದ್ದು ಅಡುಗೆಮನೆಯಿಂದ ಹೊರಟು ನಡುಮನೆಗೆ ಬಂದರೆ ಸಾಕು, ಎಲ್ಲವೂ ತಾನಾಗಿ ನಿಲ್ಲುತ್ತದೆ. ಹಲಗೆ ಅಂದೇ ಬೀರುವಿನ ಹಿಂದೆ ಸೇರಿತು.

ನಾನು ಸುಮ್ಮನಿರಲಿಲ್ಲ. 1942ರಲ್ಲಿ ನ್ಯೂಯಾರ್ಕಿನ ಮೇಯರ್ ಲಗಾರ್ಡಿಯಾ ಪಿನ್‌ಬಾಲನ್ನು ಜೂಜೆಂದು ನಿಷೇಧಿಸಿ, ಪೆಟ್ಟಿಗೆಗಳನ್ನು ಸುತ್ತಿಗೆಯಿಂದ ಚಚ್ಚಿಸಿದ್ದ. 1976ರಲ್ಲಿ ರೋಜರ್ ಶಾರ್ಪ್ ಎಂಬಾತ ನಗರಸಭೆಯ ಸದಸ್ಯರ ಎದುರಿಗೇ ಮೆಷಿನ್ ಇಟ್ಟುಕೊಂಡು, ಗುಂಡು ಯಾವ ಹಾದಿಯಲ್ಲಿ ಇಳಿಯುತ್ತದೆಂದು ಮೊದಲೇ ಹೇಳಿ ಸ್ಪ್ರಿಂಗ್ ಎಳೆದ. ಹೇಳಿದ ಹಾದಿಯಲ್ಲೇ ಇಳಿಯಿತು. ಅದೃಷ್ಟವಲ್ಲ, ಕೈಚಳಕ ಎಂದು ರುಜುವಾತಾಗಿ ನಿಷೇಧ ಹೋಯಿತು. ಈ ಪೂರ್ವನಿದರ್ಶನವನ್ನು ಮುಂದಿಟ್ಟು ನಾನೂ ಮೇಲ್ಮನವಿ ಹಾಕಿದೆ. ಭಾನುವಾರ ಸಂಜೆ ವಿಚಾರಣೆ. ಅತ್ತೆ ಅಧ್ಯಕ್ಷರು. ಹಲಗೆಯ ಕೆಳಗೆ ಹಳೆಯ ಕಂಬಳಿ.

"ಮಾರಿಕಣಿವೆ ಕೋಡಿ," ಎಂದು ಘೋಷಿಸಿ ಕಡಗೋಲು ಹಿಡಿದೆ. ಸ್ಪ್ರಿಂಗನ್ನು ಕೊನೆಯವರೆಗೂ ಎಳೆದೆ. ಕಣ್ಣು ಮುಚ್ಚಿ, ಆ ಕಣಿವೆಯ ಹೊಳೆ ವೇದಾವತಿಯನ್ನು ನೆನೆದು ಬಿಟ್ಟೆ.

ಲಾರಿಯ ಸ್ಪ್ರಿಂಗು ಲಾರಿಯ ಕೆಲಸವನ್ನೇ ಮಾಡಿತು. ಪ್ಲಾಸ್ಟಿಕ್ ಸ್ಕೇಲು ಎರಡು ತುಂಡಾಯಿತು. ಗುಂಡು ಹಲಗೆಯ ಅಂಚು ಹಾರಿ, ಟಿವಿಯ ಪಕ್ಕದಲ್ಲಿ ತಪ್ಪಿಸಿಕೊಂಡು ಹೋಗಿ, ಹಿತ್ತಾಳೆ ಬಿಂದಿಗೆಗೆ ಠಣ್ಣೆಂದು ಬಡಿದು, ಎಲ್ಲೋ ಕಣ್ಮರೆಯಾಯಿತು. ಒಂದು ಗಳಿಗೆ ಯಾರೂ ಮಾತಾಡಲಿಲ್ಲ.

"ಮಾಮ," ಎಂದ ಹೊಸದುರ್ಗದವನು ಮೆಲ್ಲಗೆ, "ನಿಮ್ಮ ಕಾರು ದಾವಣಗೆರೆ ಕಡೆ ಹೋಯ್ತು."

ತೀರ್ಪು ಹೇಳುವ ಮೊದಲು ಸ್ಥಳ ಪರಿಶೀಲನೆ ಮಾಡಬೇಕೆಂದು ಅತ್ತೆ ಸೆರಗು ಸಿಕ್ಕಿಸಿಕೊಂಡು ಹಲಗೆಯ ಮುಂದೆ ಕೂತರು. ಇನ್ನೊಂದು ಗುಂಡು ಇಟ್ಟುಕೊಟ್ಟೆವು. ಸ್ಪ್ರಿಂಗು ಬಿಗಿಯೆಂದು ಅವರು ಎರಡೇ ಬೆರಳಲ್ಲಿ ಒಂದಿಷ್ಟು ಎಳೆದು ಬಿಟ್ಟರು. ಗುಂಡು ಸಾವಕಾಶವಾಗಿ ಏರಿತು. ಮುರಿದ ಸ್ಕೇಲಿನ ತುದಿಗೆ ತಾಗಿ, ಒಂದು ಗಳಿಗೆ ಅಲ್ಲೇ ನಿಂತು, ಒಳಗೆ ಹೊರಳಿತು. ಎರಡನೇ ಸಾಲಿನಲ್ಲಿ ಎಡಕ್ಕೆ. ನಾಲ್ಕನೆಯದರಲ್ಲಿ ಬಲಕ್ಕೆ. ಕಿಂಡಿಯ ಅಂಚಿನಲ್ಲಿ ಒಂದು ಸುತ್ತು ಸುತ್ತಿತು. ಅಷ್ಟರಲ್ಲಿ ನನ್ನ ಪಕ್ಕದಲ್ಲಿ ಯಾರೋ ನೆಲವನ್ನು ಬಲವಾಗಿ ಒತ್ತಿದ ಸದ್ದಾಯಿತು. ನೋಡಿದರೆ ನನ್ನ ಹೆಂಡತಿಯ ಬಲಗಾಲು! ಹೆದ್ದಾರಿಯಲ್ಲಿ ಎಂದೂ ಹೆದರದ ಕಾಲು ಮೊಸಾಯಿಕ್ ನೆಲದ ಮೇಲೆ ಬ್ರೇಕ್ ಹಾಕುತ್ತಿತ್ತು. ಗುಂಡು ಕಿಂಡಿಯನ್ನು ಬಿಟ್ಟು, ಮೊಳೆಬೇಲಿಯ ಸಂದಿನಲ್ಲಿ ತೂರಿ, ಕುಳಿಯೊಳಗೆ ಟಕ್ಕೆಂದು ಕೂತಿತು.

ಕೋಡಿ ಬಿತ್ತು. ಒಂದು ಸಾವಿರದ ಒಂಬೈನೂರ ಮೂವತ್ತಮೂರು.

"ಎಲ್ಡ್ ಸಾವಿರದ ಇಪ್ಪತ್ತೆಲ್ಡ್ರಾಗೆ ಕೋಡಿ ಬಿದ್ದಾಗ ಊರೋರೆಲ್ಲ ನೋಡಾಕೆ ಹೋದ್ರು," ಎಂದರು ಅತ್ತೆ, ಮಕ್ಕಳ ಕುಣಿತ ನಿಂತ ಮೇಲೆ. "ನನ್ನ ಮಾತ್ರ ಯಾರೂ ಕರ್ಕಂಡು ಹೋಗ್ಲಿಲ್ಲ. ಈಗ ಮನ್ಯಾಗೇ ಬಿತ್ತು ನೋಡ್ರಿ." ಆಮೇಲೆ ಹಲಗೆಯನ್ನು ಎತ್ತಿ, ಅತ್ತ ತಿರುಗಿಸಿ, ಇತ್ತ ತಿರುಗಿಸಿ ನೋಡಿದರು. "ಅಲ್ಲಾ, ನಮ್ಮನೆ ಕೇರಂ ಬೋರ್ಡಿನ ಹಿಂದೆ ಇಂಥದ್ದೊಂದು ಇತ್ತು ಅಂತ ಇಷ್ಟು ವರ್ಷ ಗೊತ್ತೇ ಇರ್ಲಿಲ್ವಲ್ಲ!"

ತೀರ್ಪು ಹೀಗಾಯಿತು: ಆಟಕ್ಕೆ ಅನುಮತಿ, ಆದರೆ ಹಲಗೆ ಮೂಲ ಮಾಲೀಕರಿಗೆ, ಅಂದರೆ ಹೊಳಲ್ಕೆರೆಗೆ ವಾಪಸು, ಊಟದ ಮೇಜಿಗೆ ಪಾಲಿಷ್ ಮತ್ತು ಬಚ್ಚಲಿನ ನಲ್ಲಿಗೆ ವಾಷರ್ ಆಟಗಾರನ ಖರ್ಚಿನಲ್ಲಿ. ಅತ್ತೆ ಊರಿಗೆ ಹೊರಟ ದಿನ ಹೆಂಡತಿಗೆ ಬೇರೇನೋ ಕೆಲಸವಿತ್ತು.

"ಕಾರಲ್ಲಿ ನಾನೇ ಬಿಟ್ಟು ಬರ್ತೀನಿ ಅತ್ತೆ," ಎಂದೆ.

"ಬ್ಯಾಡ ಬಿಡಿ ಅಳಿಯಂದ್ರೆ," ಎಂದರು ಅವರು ಚಪ್ಪಲಿ ಮೆಟ್ಟುತ್ತ. "ನಿಮ್ಮ ಗುಂಡು ದಾವಣಗೆರೆಗೆ ಹೋಗಿದ್ದು ನೋಡೀನಿ. ನಂಗೆ ಬಸ್ಸೇ ಸರಿ."

ಬಸ್‌ಸ್ಟ್ಯಾಂಡಿನಲ್ಲಿ ಹೊಳಲ್ಕೆರೆ ಬಸ್ಸು ಹೊರಡಲು ಇನ್ನೂ ಹೊತ್ತಿತ್ತು. ಅತ್ತೆಯನ್ನು ಕೂರಿಸಿ, ಹಲಗೆಯನ್ನು ಎಂಜಿನ್ ಬಾನೆಟ್ಟಿನ ಮೇಲೆ ಇಳಿಸಿದೆ. ಕಂಡಕ್ಟರ್ ಅದನ್ನು ಮೇಲಿಂದ ಕೆಳಗೆ ನೋಡಿ, ಇದಕ್ಕೆ ಲಗೇಜು ಹಾಕಬೇಕೋ ಬೇಡವೋ ಎಂದು ಯೋಚಿಸುತ್ತಿದ್ದ. ಡ್ರೈವರು ಟೀ ಮುಗಿಸಿ ಬಂದು ಸೀಟಿನಲ್ಲಿ ಕೂತ. ದಪ್ಪ ಮೀಸೆ, ಅದಕ್ಕಿಂತ ದಪ್ಪ ತೋಳು; ಜೀವನವಿಡೀ ಸ್ಟೇರಿಂಗ್ ತಿರುಗಿಸಿದ ಮನುಷ್ಯ. "ಇದೇನ್ ಸಾರ್?" ಎಂದ. ಹೇಳಿದೆ. "ಸ್ಟೇರಿಂಗ್ ಇಲ್ದೆ ಎಂಥ ರೇಸು?" ಎಂದು ನಕ್ಕು, ಒಂದು ಗುಂಡಿಟ್ಟು ಕಡಗೋಲು ಎಳೆದು ಬಿಟ್ಟ.

ಗುಂಡು ಎಡಕ್ಕೆ ಹೊರಳಿತು. ಡ್ರೈವರೂ ಎಡಕ್ಕೆ ವಾಲಿದ. ಬಲಕ್ಕೆ ಹೊರಳಿತು, ಅವನೂ ಬಲಕ್ಕೆ. ಟೋಲ್‌ಗೇಟಿಗೆ ಬಿದ್ದಾಗ ಅವನ ಬಾಯಿಂದ ಬಂದ ಮಾತನ್ನು ಇಲ್ಲಿ ಬರೆಯಲಾಗದು. ಮತ್ತೊಂದು ಗುಂಡು ಬಿಟ್ಟ. ಕಂಡಕ್ಟರ್ ಲಗೇಜಿನ ವಿಷಯ ಮರೆತು ಅವನ ಹೆಗಲ ಮೇಲಿಂದ ಬಗ್ಗಿದ. ಅತ್ತೆ ಹಿಂದಿನ ಸೀಟಿಂದ, "ಮೆತ್ತಗೆ ಎಳಿಯಪ್ಪ, ಎಲ್ಡ್ ಬೆರಳಾಗೆ," ಎಂದು ಸಲಹೆ ಕೊಡುತ್ತಿದ್ದರು. ಬಸ್‌ಸ್ಟ್ಯಾಂಡಿನ ಗಡಿಯಾರ ಹೊರಡುವ ಹೊತ್ತು ದಾಟಿತು. ಹಿಂದಿನಿಂದ ಇನ್ನೊಂದು ಬಸ್ಸಿನವನು ಹಾರನ್ ಒತ್ತಿದ. ಕಂಡಕ್ಟರಿಗೆ ಎಚ್ಚರವಾಗಿ ಸೀಟಿ ಊದಿದ.

"ರೈಟ್, ರೈಟ್! ಹೊರಡಣ್ಣ, ಟೈಮಾಯ್ತು!"

"ತಡಿಯಪ್ಪ," ಎಂದ ಡ್ರೈವರು ಹಲಗೆಯಿಂದ ಕಣ್ಣು ಕೀಳದೆ, "ಇದೊಂದು ಹಿರಿಯೂರಿಗೆ ಹೋಗ್ಲಿ."

ಮೂರನೇ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಗಾಬರಿಯಿಂದ ಎದ್ದು, ಮೇಲಿಟ್ಟ ಚೀಲ ಎಳೆದುಕೊಂಡು, "ಅಯ್ಯೋ ಶಿವನೇ, ಇದು ಹೊಳಲ್ಕೆರೆ ಬಸ್ಸಲ್ವೇನ್ರೀ?" ಎನ್ನುತ್ತಾ ದಡದಡ ಇಳಿದೇಬಿಟ್ಟರು.